ಮಲೆನಾಡಿನ ಹವೆಗೆ .32 ಪಿಸ್ತೂಲು: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಮೂಡಿಗೆರೆ, ಸಕಲೇಶಪುರದ ಕಡೆ ಹೊಸದಾಗಿ ಲೈಸೆನ್ಸ್ ಕೈಗೆ ಬಂದವರು ಮೊದಲು ಕೇಳುವುದು ಇದನ್ನೇ: ನಮ್ಮ ದೇಶದ ಕಾರ್ಖಾನೆಯಲ್ಲೇ ತಯಾರಾದ ದೇಶಿ .32 ಪಿಸ್ತೂಲು (ನಳಿಗೆಯ ಅಳತೆ ಸುಮಾರು 0.32 ಇಂಚು) ಸಾಕಾ, ಇಲ್ಲ ಸಾಲ ಮಾಡಿಯಾದರೂ ಹಳೆಯ ಜರ್ಮನ್ ವಾಲ್ಥರ್ ಹುಡುಕಬೇಕಾ? ಮಳೆಗಾಲಗಳನ್ನು ಕಳೆದ ಪಿಸ್ತೂಲುಗಳನ್ನು ನೋಡಿ ಹೇಳುವುದಾದರೆ ದೇಶಿಯೇ ಸಾಕು. ಉಳಿಯುವ ದುಡ್ಡನ್ನು ಎರಡನೇ ಮ್ಯಾಗಜೀನ್ (ಗುಂಡು ತುಂಬಿ ಪಿಸ್ತೂಲಿನ ಹಿಡಿಯೊಳಗೆ ತೂರಿಸುವ ಪೆಟ್ಟಿಗೆ), ಒಳ್ಳೆಯ ಗುಂಡು ಮತ್ತು ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಲಾಕರ್‌ಗೆ ಹಾಕಿ.

ವಾಲ್ಥರ್ ಪಿಪಿ ಕೆಟ್ಟದ್ದು ಅಂತಲ್ಲ. 1929ರ ವಿನ್ಯಾಸವಾದರೂ ಮೊದಲ ಗುಂಡಿಗೆ ಡಬಲ್ ಆಕ್ಷನ್ ಇದೆ, ಅಂದರೆ ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ (ಪೆಟ್ಟು ಹೊಡೆಯುವ ಸುತ್ತಿಗೆ) ತಾನೇ ಎದ್ದು ಬೀಳುತ್ತದೆ; ಸೇಫ್ಟಿ ಒತ್ತಿದರೆ ಗುಂಡು ಹಾರದೆ ಹ್ಯಾಮರ್ ತಾನೇ ಇಳಿಯುತ್ತದೆ. ಈ ಸೌಲಭ್ಯಗಳಿಗೆ ಬೆಲೆ ಉಂಟು. ಆದರೆ 1980ರ ದಶಕದಲ್ಲಿ ಖಾಸಗಿ ಆಮದು ನಿಂತ ಮೇಲೆ ಇವು ಕೈಯಿಂದ ಕೈಗೆ ಮಾತ್ರ ಮಾರಾಟವಾಗುತ್ತಿವೆ. ಬೆಲೆ ದೇಶಿಯ ಹಲವು ಪಟ್ಟು. ಗುಂಡಿನ ಬುಡಕ್ಕೆ ಪೆಟ್ಟು ಕೊಡುವ ಫೈರಿಂಗ್ ಪಿನ್ ಮುರಿದರೆ, ಪಿಸ್ತೂಲಿನ ಮೇಲ್ಭಾಗವನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತರೆ ಅಸಲಿ ಬಿಡಿಭಾಗ ಸಿಗುವುದು ಕಷ್ಟ. ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯ ‘ಅಶನಿ’ಯಂಥ ದೇಶಿ ಪಿಸ್ತೂಲಿಗೆ ಆ ನಯ ಇಲ್ಲ, ಆದರೆ ಬಿಲ್ಲಿನ ಜೊತೆ ಹೊಸದಾಗಿ ಬರುತ್ತದೆ, ರಿಪೇರಿಗೆ ದಾರಿಯೂ ಇದೆ.

ಬೆಲೆ ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಅಂದರೆ ಒಂದು ಲಕ್ಷ ಮೂಲಬೆಲೆಗೆ 12,000 ರೂಪಾಯಿ ಹೆಚ್ಚು. ಹಳೆಯ ದರಪಟ್ಟಿ ನಂಬಿ ಹೋದವರಿಗೆ ಕೌಂಟರಿನಲ್ಲಿ ಲೆಕ್ಕ ತಪ್ಪುತ್ತದೆ.

ಕೌಂಟರಿನಲ್ಲಿ ಮೊದಲು ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗ, ಎಳೆದು ನೋಡಿ. ಈ ಪಿಸ್ತೂಲುಗಳು ಬ್ಲೋಬ್ಯಾಕ್. ನಳಿಗೆಗೆ ಬೀಗ ಇಲ್ಲ, ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಲವೇ ಗುಂಡು ಹಾರುವ ತನಕ ಚೇಂಬರನ್ನು (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಮುಚ್ಚಿ ಹಿಡಿಯಬೇಕು. ಹಾಗಾಗಿ ಇಷ್ಟು ಚಿಕ್ಕ ಪಿಸ್ತೂಲಿಗೆ ಇಷ್ಟು ಬಿಗಿಯೇ ಅನ್ನಿಸುತ್ತದೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಎಳೆಯಬೇಕು. ಕೀಲುನೋವಿರುವ ಹಿರಿಯರಿಗೆ ಎಳೆಯಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ರಿವಾಲ್ವರ್ ನೋಡಿ. ಆಮೇಲೆ ಮ್ಯಾಗಜೀನಿನ ತುಟಿಗಳು, ಅಂದರೆ ಗುಂಡನ್ನು ಮೇಲಿಂದ ಹಿಡಿದಿಡುವ ಅಂಚುಗಳು: ಎರಡೂ ಒಂದೇ ಎತ್ತರ ಇರಬೇಕು, ಬಾಗಿರಬಾರದು. ಮದ್ದಿಲ್ಲದ ಡಮ್ಮಿ ಗುಂಡು ಕೇಳಿ, ಮ್ಯಾಗಜೀನ್ ತುಂಬಿ, ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟುಬಿಡಿ. ಕೈ ಹಿಡಿದು ಮೆಲ್ಲಗೆ ಮುಂದೆ ತಂದರೆ ಚೇಂಬರ್ ಪೂರ್ತಿ ಮುಚ್ಚದೇ ಇರಬಹುದು; ‘ಪಿಸ್ತೂಲು ಸರಿ ಇಲ್ಲ’ ಅನ್ನುವ ದೂರುಗಳಲ್ಲಿ ಇದೂ ಒಂದು.

ಇನ್ನೊಂದು ತೊಂದರೆ ಗುಂಡಿನ ಆಕಾರದಿಂದಲೇ ಬರುತ್ತದೆ. ಈ ಪಿಸ್ತೂಲುಗಳ ಗುಂಡಿನ ಹೆಸರು .32 ಎಸಿಪಿ. ಅದರ ಬುಡದ ಅಂಚು ಸುಮಾರು 9.1 ಮಿ.ಮೀ., ಅದರ ಮೇಲಿನ ಮೈ 8.55 ಮಿ.ಮೀ. ಮ್ಯಾಗಜೀನಿನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತುಬಿಟ್ಟರೆ, ಸ್ಲೈಡ್ ಎಷ್ಟು ತಳ್ಳಿದರೂ ಗುಂಡು ಕದಲದು. ಇದಕ್ಕೆ ರಿಮ್ ಲಾಕ್ ಅನ್ನುತ್ತಾರೆ. ಪೂರ್ತಿ ಉದ್ದದ, ತಾಮ್ರದ ಹೊದಿಕೆಯ 71 ಗ್ರೇನ್ (4.6 ಗ್ರಾಂ) ಗುಂಡಿನಲ್ಲಿ ಇದು ಅಪರೂಪ. ಮೋಟು ಮೂತಿಯ ಗಿಡ್ಡ ಗುಂಡಿನಲ್ಲಿ ಹಿಂದೆ-ಮುಂದೆ ಜಾರಲು ಜಾಗ ಸಿಗುವುದರಿಂದ ಹೆಚ್ಚು. ತುಂಬುವಾಗ ಪ್ರತಿ ಗುಂಡಿನ ಅಂಚೂ ಕೆಳಗಿನದರ ಮುಂದೆ ಕೂತಿದೆಯೇ ಅಂತ ನೋಡಿ. ಸಿಕ್ಕಿಕೊಂಡರೆ ಸ್ಲೈಡಿನ ಮೇಲೆ ಜೋರು ಮಾಡಬೇಡಿ. ಮ್ಯಾಗಜೀನ್ ಹೊರತೆಗೆದು, ಎರಡನೇ ಗುಂಡನ್ನು ಮರದ ಕಡ್ಡಿಯಿಂದ ಕೆಳಗೆ ಒತ್ತಿ ಮೇಲಿನದನ್ನು ಬಿಡಿಸಿ.

ಗುಂಡು ಖರೀದಿಯಲ್ಲೂ ಒಂದು ಎಚ್ಚರ. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ರಿವಾಲ್ವರಿನದು .32 ಎಸ್ ಆಂಡ್ ಡಬ್ಲ್ಯೂ (ಸ್ಮಿತ್ ಆಂಡ್ ವೆಸನ್) ಲಾಂಗ್, ಉದ್ದ ಜಾಸ್ತಿ. ಪಿಸ್ತೂಲಿನ ಮ್ಯಾಗಜೀನಿಗೆ ಅದು ಹೋಗುವುದೇ ಇಲ್ಲ. ಲೈಸೆನ್ಸಿನಲ್ಲಿ ಬರೀ ‘.32’ ಅಂತ ಇದ್ದರೂ ಡಬ್ಬಿ ಮೇಲಿನ ಹೆಸರು ಓದಿಯೇ ದುಡ್ಡು ಕೊಡಿ.

ಈಗ ನಮ್ಮ ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಿಸ್ತೂಲನ್ನು ಚರ್ಮದ ಹೋಲ್ಸ್ಟರಿನಲ್ಲಿ ಇಡಲೇಬೇಡಿ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಸ್ಲೈಡಿಗೆ ತುಕ್ಕು, ಗುಂಡಿನ ಹಿತ್ತಾಳೆ ಕೇಸಿಗೆ ಹಸಿರು ಕಿಲುಬು. ತೆಳುವಾಗಿ ಗನ್ ಆಯಿಲ್ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಲಾಕರಿನೊಳಗೆ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚುವುದು ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗು ಅದಕ್ಕಿಂತ ಎಷ್ಟೋ ತಂಪು. ಪಿನ್ ಓಡಾಡುವ ದಾರಿ ಜಿಗುಟಾದರೆ ಪೆಟ್ಟು ಸಡಿಲವಾಗಿ ಗುಂಡು ಹಾರುವುದಿಲ್ಲ. ಗುಂಡಿಗಂತೂ ಯಾವ ಎಣ್ಣೆಯೂ ತಾಗಬಾರದು, ಎಣ್ಣೆ ಪ್ರೈಮರ್ (ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗ) ಒಳಗೆ ಇಳಿದರೆ ಗುಂಡು ಸತ್ತುಹೋಗಬಹುದು.

ಖಾಲಿ ಮಾಡುವ ಕ್ರಮ ಮನೆಯಲ್ಲಿ ಲೈಸೆನ್ಸ್ ಇರುವ ಪ್ರತಿಯೊಬ್ಬರಿಗೂ ಬಾಯಿಪಾಠ ಆಗಬೇಕು. ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಎಳೆದು ಚೇಂಬರ್ ಕಣ್ಣಲ್ಲಿ ನೋಡಿ, ಬೆರಳಿಂದ ಮುಟ್ಟಿ ನೋಡಿ. ಕ್ರಮ ತಿರುವುಮುರುವಾದರೆ ಒಂದು ಗುಂಡು ಹೊರಬಿದ್ದು ಇನ್ನೊಂದು ಚೇಂಬರ್ ಸೇರುತ್ತದೆ. ಮ್ಯಾಗಜೀನ್ ತೆಗೆದ ಪಿಸ್ತೂಲು ಖಾಲಿ ಅಂತ ತಿಳಿದೇ ಎಷ್ಟೋ ಅನಾಹುತ ಆಗಿವೆ. ಅಭ್ಯಾಸಕ್ಕೆ ಪುರುಸೊತ್ತಿಲ್ಲದೆ, ತಿಂಗಳುಗಟ್ಟಲೆ ಲಾಕರಿನಲ್ಲೇ ಇಡುವವರಿಗೆ ಇದೇ ಕಾರಣಕ್ಕೆ ಆರು ಗುಂಡಿನ ರಿವಾಲ್ವರ್ ಒಳ್ಳೆಯದು. ಸಿಲಿಂಡರ್ ತೆರೆದರೆ ಎಲ್ಲಾ ಕಣ್ಣಿಗೆ ಕಾಣುತ್ತದೆ, ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ.

ಆನೆಗೆ ಅಂತ ಯಾರಾದರೂ ಪಿಸ್ತೂಲು ಕೊಳ್ಳಲು ಹೊರಟಿದ್ದರೆ ದಯವಿಟ್ಟು ಬೇಡ. 4.6 ಗ್ರಾಂ ಗುಂಡು ಆನೆಯನ್ನು ನಿಲ್ಲಿಸುವುದಿಲ್ಲ, ಗಾಯ ಮಾಡಿ ಕೆರಳಿಸುತ್ತದೆ; ಕಾನೂನಿನಲ್ಲೂ ಅದು ಘೋರ ಅಪರಾಧ. ಆಲೂರು, ಬೇಲೂರಿನ ತೋಟಗಳಲ್ಲಿ ಆನೆ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡುವುದೇ ದಾರಿ. ಪಿಸ್ತೂಲಿನ ಉಪಯೋಗ ಬಟವಾಡೆ ದುಡ್ಡು ತರುವವರಿಗೆ, ಒಂಟಿ ಮನೆಯಲ್ಲಿ ಮೆಣಸು, ಕಾಫಿ ದಾಸ್ತಾನು ಇಟ್ಟುಕೊಂಡವರಿಗೆ.

ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಹೇಳುವುದು ನಮ್ಮ ಜಿಲ್ಲೆಗಳಲ್ಲಿ ಮಾಮೂಲು. ಕೊಡುವ ಮುನ್ನ ಎಣ್ಣೆ ಒರೆಸಿ, ಬಟ್ಟೆಯಲ್ಲೇ ಸುತ್ತಿ. ಪ್ಲಾಸ್ಟಿಕ್ ಚೀಲದೊಳಗೆ ಬೆವರು ಕಟ್ಟುತ್ತದೆ. ಸೀರಿಯಲ್ ನಂಬರ್, ಮ್ಯಾಗಜೀನ್ ಎಷ್ಟು, ಗುಂಡು ಎಷ್ಟು ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ. ವಾಪಸ್ ಪಡೆಯುವಾಗ ಅಲ್ಲೇ ನಂಬರ್ ತಾಳೆ ನೋಡಿ, ಮನೆಗೆ ಬಂದ ದಿನವೇ ನಳಿಗೆಯೊಳಗೆ ಬಿಳಿ ಬಟ್ಟೆ ಎಳೆಯಿರಿ. ಬಟ್ಟೆಗೆ ಕೆಂಪು ಹತ್ತಿದರೆ ತುಕ್ಕು ಶುರುವಾಗಿದೆ; ಹಿತ್ತಾಳೆ ಬ್ರಷ್ ಮತ್ತು ಗನ್ ಆಯಿಲ್ಲಿಗೆ ಹೋಗುವ ಹಂತ ಅದೇ.