ಶಿಕ್ಷಣ ಅಧಿಕಾರಿಗಳಿಗೆ ಡಿಸೈನ್ ಥಿಂಕಿಂಗ್ ತರಬೇತಿ: ಎರಡನೇ ದಿನ ಮಾತ್ರ ತಪ್ಪಿಸಬೇಡಿ

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮತ್ತು ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಇರೋರಿಗೆ ಅಂತ ಒಂದು ಸ್ವಯಂಸೇವಾ ಸಂಸ್ಥೆ ನಮ್ಮ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ನಡೆಸಿದ ಮೂರು ದಿನದ ತರಬೇತಿ ಇದು. ಶುಲ್ಕ ಇಲ್ಲ, ಒಒಡಿ ಸಿಗುತ್ತೆ, ಅಂದ್ರೆ ಆ ದಿನಗಳೂ ಕರ್ತವ್ಯದ ಲೆಕ್ಕವೇ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಅದರ ಬಗ್ಗೆ ತಕರಾರಿಲ್ಲ.

ಮೊದಲ ದಿನ ಬರೀ ಸ್ಲೈಡು, ಅದೂ ಇಂಗ್ಲಿಷಿನಲ್ಲಿ. ಡಿಸೈನ್ ಥಿಂಕಿಂಗ್ ಅಂದ್ರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಸಂಸ್ಥೆ ಡಿ.ಸ್ಕೂಲ್‌ನವರ ಐದು ಹಂತಗಳು: ಬಳಸುವವರ ಕಷ್ಟ ತಿಳಿಯೋದು, ಸಮಸ್ಯೆ ಯಾವುದು ಅಂತ ಗೊತ್ತುಮಾಡಿಕೊಳ್ಳೋದು, ಉಪಾಯ ಹುಡುಕೋದು, ಚಿಕ್ಕದಾಗಿ ಮಾಡಿ ನೋಡೋದು, ಅದನ್ನ ಮಕ್ಕಳ ಮುಂದಿಟ್ಟು ಪರೀಕ್ಷಿಸೋದು. ಒಂದು ಗಂಟೆಯ ಮಾತು, ಸಂಜೆತನಕ ಎಳೆದರು. ಫ್ಯಾನ್ ಹಾಕಿದರೆ ಗೋಡೆಯ ಹಳದಿ ಚೀಟಿ ಉದುರೋವು, ಆರಿಸಿದರೆ ನಾವು ಬೆವರೋವ್ರು.

ಎರಡನೇ ದಿನ ಮಾತ್ರ ಬೇರೆಯೇ. ಒಂದು ಮಗುವಿನ ಜೊತೆ ಇಡೀ ದಿನ ಇರಬೇಕು: ಅದೇ ಬಸ್ಸು, ಅದೇ ಬೆಂಚು, ಅದೇ ಬಿಸಿಯೂಟ. ರಿಜಿಸ್ಟರ್ ಮುಟ್ಟೋ ಹಾಗಿಲ್ಲ, ಯಾರಿಗೂ ಸೂಚನೆ ಕೊಡೋ ಹಾಗಿಲ್ಲ. ಅಮೆರಿಕದಲ್ಲಿ 2016ರಲ್ಲಿ ಶಾಲಾ ಮುಖ್ಯಸ್ಥರಿಗಾಗಿ ಶುರುವಾದ ‘ಶ್ಯಾಡೋ ಎ ಸ್ಟೂಡೆಂಟ್’ ಸವಾಲಿನಿಂದ ತಂದದ್ದಂತೆ. ಇಸಿಒ (ಶಿಕ್ಷಣ ಸಂಯೋಜಕ) ಆಗಿ ಶಾಲೆ ಭೇಟಿ ಅಂದ್ರೆ ನನಗೆ ಹೆಡ್‌ಮಾಸ್ಟರ್ ಕುರ್ಚಿ, ಚಹಾ, ದಾಖಲೆ. ಆ ದಿನ ತಾಂಡಾದಿಂದ ಬರೋ ಎಂಟನೇ ತರಗತಿ ಹುಡುಗಿಯ ಪಕ್ಕ ಕೂತೆ.

ಕೊನೇ ಪೀರಿಯಡ್ ಗಣಿತ. ಮಾಸ್ತರರು ಬೋರ್ಡಿನ ಮೇಲೆ ಲೆಕ್ಕ ಬರೀತಿದ್ದ ಹಾಗೇ ಆಕೆ, ಜೊತೆಗೆ ತಾಂಡಾದ ಉಳಿದ ಮಕ್ಕಳು, ಚೀಲ ಹೆಗಲಿಗೇರಿಸಿ ಹೊರಟರು. ಮಾಸ್ತರರು ತಿರುಗಿಯೂ ನೋಡಲಿಲ್ಲ. ಕೇಳಿದೆ. ‘ನಾಲ್ಕರ ಬಸ್ ಬಿಟ್ರ ಮುಂದಿಂದು ಏಳಕ್ಕರೀ ಸರ್.’ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಇಲ್ಲ ನಿಜ, ಆದರೆ ಬಸ್ಸೇ ಇಲ್ಲದಿದ್ದರೆ? ಹಾಜರಿ ಬೆಳಿಗ್ಗೆ, ಮಧ್ಯಾಹ್ನ ಎರಡೇ ಸಲ ತಗೊಳ್ಳೋದು. ಹಾಗಾಗಿ ನಮ್ಮ ಲೆಕ್ಕದಲ್ಲಿ ಆಕೆಗೆ ಪೂರ್ತಿ ಹಾಜರಿ. ಗಣಿತದಲ್ಲಿ ‘ನಿಧಾನ ಕಲಿಕೆ’ಯವಳು.

ಮೂರನೇ ದಿನ ಉಪಾಯ. ನಮ್ಮ ಗುಂಪು ಗಣಿತವನ್ನ ಬೆಳಿಗ್ಗೆಗೆ ತಂದು ಆಟದ ಪೀರಿಯಡ್ಡನ್ನ ಕೊನೆಗಿಟ್ಟಿತು. ವಾರ ನಡೆಸಿ ನೋಡಿದಾಗ ತಾಂಡಾದ ಮಕ್ಕಳು ಮುನಿಸಿಕೊಂಡರು: ಆಟ ಹೋಯ್ತಲ್ಲ! ಈಗ ಕೊನೇ ಪೀರಿಯಡ್ ದಿನಕ್ಕೊಂದು ವಿಷಯದಂತೆ ಸುತ್ತುತ್ತಿದೆ. ಯಾವ ಆದೇಶವೂ ಬೇಕಾಗಲಿಲ್ಲ, ಖರ್ಚೂ ಇಲ್ಲ. ಸುತ್ತೋಲೆ ಹೊರಡಿಸಿದ್ದರೆ ಆ ಮುನಿಸು ನಮಗೆ ತಿಳಿಯುತ್ತಲೇ ಇರಲಿಲ್ಲ.

ಕೊರತೆ ಇರೋದು ಇಲ್ಲೇ. ಬಸ್ಸನ್ನೇ ಅರ್ಧ ಗಂಟೆ ತಡ ಮಾಡಿಸೋದು ಹೇಗೆ ಅಂತ ಕೇಳಿದರೆ ತರಬೇತುದಾರರು ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದುಬಿಟ್ಟರು. ಬೇರೆ ಇಲಾಖೆ ಜೊತೆ ವ್ಯವಹರಿಸೋದನ್ನ ಕಲಿಸದೆ ಅಧಿಕಾರಿಗಳಿಗೆ ಇನ್ನೇನು ಕಲಿಸ್ತೀರಿ? ದೊಡ್ಡ ಸಾಹೇಬರಂತೂ ಉದ್ಘಾಟನೆ ಮುಗಿಸಿ ವಿಡಿಯೊ ಕಾನ್ಫರೆನ್ಸ್ ಅಂತ ಹೋದವರು ವಾಪಸ್ ಬರಲೇ ಇಲ್ಲ.

ಮುಂದಿನ ಬ್ಯಾಚಿನವರು ಮೊದಲ ದಿನ ತಡವಾಗಿ ಹೋದರೂ ನಷ್ಟವಿಲ್ಲ. ಎರಡನೇ ದಿನ ಮಾತ್ರ ನಿಮ್ಮ ಬಿಇಒ ಅವರನ್ನೂ ಬಸ್ ಹತ್ತಿಸಿ. ಡಿಪೊಗೆ ಪತ್ರ ಬರೆದರೆ ಅವರ ಸಹಿಗೇ ಬೆಲೆ.