ಪ್ಯಾರಿಸ್‌ ಬಿಸ್ಟ್ರೋದಲ್ಲಿ ಯಾವ ವೈನ್ ಪಟ್ಟಿ ನಂಬೋದು?

ಒಂದು ಬಿಸ್ಟ್ರೋದ (ಚಿಕ್ಕ ಊಟದ ಹೋಟೆಲಿನ) ಪಟ್ಟಿ 10 ಪುಟ. ಬರೀ ‘ಬೋರ್ಡೋ’, ‘ಸಾನ್ಸೇರ್’ ಅಂತ ಊರಿನ ಹೆಸರು. ಮಾಡಿದವರು ಯಾರು, ಯಾವ ವರ್ಷದ್ದು, ಸುಳಿವೇ ಇಲ್ಲ. ಪಕ್ಕದ ಬೀದಿಯಲ್ಲಿ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದ 15 ಸಾಲು ಅಷ್ಟೇ. ಆದರೆ ‘ಮೊರ್ಗೋನ್’ ಎದುರು ತಯಾರಕರ ಹೆಸರು, ವರ್ಷ ಎರಡೂ ಇವೆ. ನನ್ನ ಓಟು ಹಲಗೆಗೇ. ಮೊರ್ಗೋನ್ ಫ್ರಾನ್ಸಿನ ಬೋಜೊಲೆ ಪ್ರದೇಶದ 10 ಕ್ರೂಗಳಲ್ಲಿ (ತಮ್ಮದೇ ಹೆಸರಿನಲ್ಲಿ ವೈನ್ ಮಾರುವ ಜಾಗಗಳಲ್ಲಿ) ಒಂದು. ಇದರ ವೈನ್ ಹೆಸರಾಂತ ಬರ್ಗಂಡಿ ವೈನಿಗಿಂತ ಸಾಮಾನ್ಯವಾಗಿ ಅಗ್ಗ, ಹುರಿದ ಕೋಳಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ಲೋಟವೋ, ಬಾಟಲಿಯೋ? 75 ಸೆಂಟಿಲೀಟರ್ ಬಾಟಲಿ ಅಂದ್ರೆ 12.5ರ ಆರು ಲೋಟ. ಲೋಟಕ್ಕೆ 7 ಯೂರೋ, ಬಾಟಲಿಗೆ 30 ಇದ್ದರೆ, ಆರೂ ಲೋಟ ಬಿಡಿಯಾಗಿ ಕೊಂಡಾಗ ಸುಮ್ನೆ 12 ಯೂರೋ ಜಾಸ್ತಿ ಕೊಟ್ಟಂತೆ, ಅಲ್ವಾ? ಒಬ್ಬರೇ ಇದ್ದರೆ 25 ಸೆಂಟಿಲೀಟರಿನ ಹೂಜಿ ಸಾಕು. ನೀರಿಗಂತೂ ದುಡ್ಡು ಕೊಡಬೇಡಿ. ‘ಕರಾಫ್ ದೋ’ (ಒಂದು ಹೂಜಿ ನೀರು) ಅಂತ ಕೇಳಿದರೆ ಊಟದ ಜೊತೆ ನಲ್ಲಿ ನೀರು ಪುಕ್ಕಟೆ.