ಫೋನಿಗೆ ಕಿರುಬೆರಳು, ಆಧಾರ್‌ಗೆ ಬೀಗ

ಅಮ್ಮನ ಹೆಬ್ಬೆಟ್ಟು ಎರಡು ಕಡೆ ಇದೆ. ಒಂದು ಆಧಾರ್‌ನಲ್ಲಿ, ಇನ್ನೊಂದು ಒಂದು ತುಂಡು ಗದ್ದೆ ಮಾರಿದಾಗಿನ ಕ್ರಯಪತ್ರದಲ್ಲಿ. 2023ರಲ್ಲಿ ಬೆಂಗಳೂರಿನಲ್ಲಿ ಇಂಥ ಪತ್ರಗಳಿಂದಲೇ ಬೆರಳಚ್ಚು ಎತ್ತಿ, ನಕಲು ಮಾಡಿ, ಖಾತೆಯಿಂದ ಹಣ ತೆಗೆದ ದೂರುಗಳು ಸಾಲಾಗಿ ಬಂದವು. ಆಧಾರ್ ಮೂಲಕ ಬ್ಯಾಂಕಿನ ಹಣ ತೆಗೆಯೋ ಈ ವ್ಯವಸ್ಥೆಗೆ ಎಇಪಿಎಸ್ ಅಂತಾರೆ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ.

ಆಗ ಅಮ್ಮನಿಗೆ ಏನು ಸರಿಹೋಗುತ್ತೆ ಅಂತ ಒಂದೊಂದೇ ಮಾಡಿ ನೋಡಿದೆ.

ಮೊದಲು ಬಿಟ್ಟಿದ್ದು ಫೋನಿನ ಫೇಸ್ ಅನ್‌ಲಾಕ್. ಅಮ್ಮನ ಅಗ್ಗದ ಫೋನು ಚಿಕ್ಕಮ್ಮನ ಮುಖಕ್ಕೂ ತೆರೆದುಕೊಂಡಿತು. ಅವರಿಬ್ಬರೂ ನಕ್ಕರು, ನನಗೆ ನಗು ಬರಲಿಲ್ಲ. ಇಂಥ ಫೋನಿನ ಕ್ಯಾಮೆರಾ ಬರೀ ಚಿತ್ರ ನೋಡುತ್ತದೆ, ಮುಖದ ಉಬ್ಬುತಗ್ಗು ಅದಕ್ಕೆ ತಿಳಿಯೋದಿಲ್ಲ. ಐಫೋನಿನ ಫೇಸ್ ಐಡಿ ಬೇರೆಯೇ. ಕಣ್ಣಿಗೆ ಕಾಣದ 30,000ಕ್ಕಿಂತ ಜಾಸ್ತಿ ಬೆಳಕಿನ ಚುಕ್ಕೆ ಚೆಲ್ಲಿ ಮುಖದ ಆಳ ಅಳೆಯುತ್ತದೆ. ಬೆಲೆಯೂ ಹಾಗೇ ಇದೆ ಬಿಡಿ.

ಫೋನಿನ ಬೆರಳು ಎಷ್ಟೋ ವಾಸಿ. ಆದರೆ ಅಡಿಕೆ ಸುಲಿಯೋ ಕಾಲ ಬಂತು ಅಂದ್ರೆ ಅಮ್ಮನ ಹೆಬ್ಬೆಟ್ಟು ಕರೆ ಹಿಡಿದು ಕಪ್ಪಾಗಿ, ಗೆರೆಯೇ ಸವೆದಿರುತ್ತದೆ. ಐದು ಸಲ ಒತ್ತಿದರೂ ಫೋನು ಒಪ್ಪಲಿಲ್ಲ. ಕೊನೆಗೆ ಎಡಗೈ ಕಿರುಬೆರಳು ಕೊಟ್ಟೆವು. ಅದಕ್ಕೆ ಕೆಲಸ ಕಡಿಮೆ, ಅಲ್ವಾ? ಅವತ್ತಿಂದ ತಕರಾರಿಲ್ಲ. ಈ ಬೆರಳಿನ ಗುರುತು ಫೋನಿನಲ್ಲೇ ಉಳಿಯುತ್ತದೆ, ಹೊರಗೆ ಹೋಗುವುದಿಲ್ಲ.

ಆದರೆ ಎಇಪಿಎಸ್ ಕಳ್ಳ ಫೋನು ಮುಟ್ಟೋದೇ ಇಲ್ಲವಲ್ಲ! ಅವನಿಗೆ ಅಡ್ಡ ನಿಲ್ಲೋದು ಆಧಾರ್‌ನ ಬಯೋಮೆಟ್ರಿಕ್ ಲಾಕ್. ಆಧಾರ್‌ನ ಮೊಬೈಲ್ ಆಪ್‌ನಲ್ಲಿ ಹಾಕಿದರೆ ಬೆರಳು, ಕಣ್ಣು, ಮುಖ ಮೂರೂ ಒಟ್ಟಿಗೆ ಬಂದ್. ಒಟಿಪಿ ಮಾತ್ರ ನಡೆಯುತ್ತದೆ. ಖರ್ಚಿಲ್ಲ. ಆದರೆ ಆಧಾರ್‌ಗೆ ಮೊಬೈಲ್ ನಂಬರು ಜೋಡಿಸಿರಬೇಕು. ಅಮ್ಮನದು ಯಾವತ್ತೋ ಸತ್ತ ಸಿಮ್ಮಿಗೆ ಅಂಟಿಕೊಂಡಿತ್ತು. ಅದಕ್ಕೇ ಒಂದು ದಿನ ಹೋಯಿತು.

ಪೇಚಾಟ ಶುರುವಾಗಿದ್ದು ನ್ಯಾಯಬೆಲೆ ಅಂಗಡಿಯಲ್ಲಿ. ಲಾಕ್ ಹಾಕಿದ್ದು ಇಬ್ಬರಿಗೂ ಮರೆತಿತ್ತು. ಯಂತ್ರ ಬೆರಳು ತಗೊಳ್ಳಲಿಲ್ಲ, ಹಿಂದಿನವರು ಗೊಣಗಿದರು, ಸಿಗ್ನಲ್ ಹುಡುಕಿಕೊಂಡು ನಾನು ರಸ್ತೆಗೆ ಓಡಿದೆ. ತಾತ್ಕಾಲಿಕವಾಗಿ ತೆಗೆದರೆ ಸಿಗೋದು 10 ನಿಮಿಷ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಈಗ ನಮ್ಮ ಮುಂದೆ ಇಬ್ಬರಿದ್ದಾರೆ ಅನ್ನುವಾಗ ತೆಗೆಯುತ್ತೇನೆ.

ಇನ್ನೂ ಬಿಗಿ ಬೇಕು ಅಂದರೆ ಆಧಾರ್ ನಂಬರನ್ನೇ ಲಾಕ್ ಮಾಡಬಹುದು. ಆಗ 16 ಅಂಕಿಯ ವರ್ಚುವಲ್ ಐಡಿ ಕೊಟ್ಟರೆ ಮಾತ್ರ ಕೆಲಸ. ಅಮ್ಮನದಕ್ಕೆ ಒಂದು ತಿಂಗಳು ಇಟ್ಟು ನೋಡಿ ಕೈಬಿಟ್ಟೆ. ಆ ಅಂಕಿ ಯಾವ ಚೀಟಿಯಲ್ಲಿದೆ ಅಂತ ಹುಡುಕೋದೇ ಆಯ್ತು. ನನ್ನ ಆಧಾರ್‌ಗೆ ಮಾತ್ರ ಅದನ್ನೇ ಉಳಿಸಿಕೊಂಡಿದ್ದೇನೆ, ನಾನು ರೇಷನ್ನಿಗೆ ಬೆರಳು ಕೊಡೋದಿಲ್ಲ.

ಅಮ್ಮನಿಗೆ ಕಿರುಬೆರಳು, ಜೊತೆಗೆ ಬಯೋಮೆಟ್ರಿಕ್ ಲಾಕ್. ಫೇಸ್ ಅನ್‌ಲಾಕ್ ಆಫ್. ಚಿಕ್ಕಮ್ಮ ಬಂದಾಗಲೆಲ್ಲ ಇನ್ನೂ ಒಮ್ಮೆ ಫೋನಿಗೆ ಮುಖ ಹಿಡಿದು ನೋಡುತ್ತಾಳೆ.